ನಾಲ್ಕು ತಾಲೂಕಿನ ಸವಾರಿ

ಮನಗೂಳಿಯ ಸಿದ್ದಾರೂಢನ ಅಪ್ಪನದು ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಗ್ಯಾರೇಜು. ಮೀಸೆ ಮೂಡುವ ಮೊದಲೇ ಹುಡುಗ ಕಬ್ಬಿಣದ ಪಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿ ಅದರ ದಪ್ಪ ಎಷ್ಟೆಂದು ಹೇಳುತ್ತಿದ್ದ. ಅಂಥವನು ಇಂಜಿನಿಯರಿಂಗ್ ಕಾಲೇಜು ಸೇರಿ ಮೂರು ವರ್ಷ ಬರೀ ಬರೆದ. ಬರೆದದ್ದನ್ನೇ ಬರೆದ. ಗೇರ್‌ಬಾಕ್ಸಿನ ಚಿತ್ರವನ್ನು ನೂರು ಸಲ ಬಿಡಿಸಿದರೂ ಒಂದು ಗೇರನ್ನು ಕೈಯಲ್ಲಿ ಹಿಡಿಯಲಿಲ್ಲ. ವರ್ಕ್‌ಶಾಪಿನ ಬಾಗಿಲಿಗೆ ಸದಾ ಬೀಗ. ತಪಾಸಣೆಯ ತಂಡ ಬಂದ ದಿನ ಮಾತ್ರ ಅದು ತೆರೆಯುತ್ತಿತ್ತು.

ನಾಲ್ಕನೆಯ ವರ್ಷ ಬಸಂತರಾಯ ಸರ್ ಆ ಬೀಗ ತೆಗೆಸಿದರು. ಹದಿನೆಂಟು ವರ್ಷ ಪಾಠ ಹೇಳಿದ ಮನುಷ್ಯ, ಸ್ಪ್ಯಾನರ್ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಆದರೂ ಆ ದಿನ ಅವರ ಮುಖದಲ್ಲಿ ಕಳೆ ಇತ್ತು.

"ಪುಸ್ತಕ ಬಾಜೂಕ ಇಡ್ರಿ," ಎಂದರು. "ಈ ವರ್ಷ ಕೈಲೆ ಕಲಿಯೂಣು. ಬರೇ ಬಿಸಲಿನ ಮ್ಯಾಲ ಓಡೂ ಕಾರ್ ಮಾಡೂಣು. ನಮ್ಮ ಜಿಲ್ಲಾಕ ಮಳಿ ಕಮ್ಮಿ ಇರಬಹುದು, ಬಿಸಲಿಗೇನ ಬರ ಬಂದೈತಿ?"

ಹನ್ನೊಂದು ಮಂದಿ ಹೆಸರು ಕೊಟ್ಟರು. ಎರಡು ತಿಂಗಳಿಗೆ ಆರು ಮಂದಿ ಬಿಟ್ಟುಹೋದರು. ಉಳಿದ ಐವರಿಗೆ ಸಿದ್ದಾರೂಢ ನಾಯಕ. ಅವನ ಬಲಗೈ ಅಮಿತ, ಬಾಗೇವಾಡಿಯವನು, ಬ್ರೇಕು ಮತ್ತು ಸ್ಟೇರಿಂಗ್ ಅವನ ಪಾಲು. ಇನ್ನಿಬ್ಬರು ಫೈಬರ್ ಕೆಲಸ ನೋಡಿಕೊಂಡರು. ಐದನೆಯವಳು ನಿಷತ. ಮೂರನೆಯ ವರ್ಷದ ಎಲೆಕ್ಟ್ರಿಕಲ್ ಹುಡುಗಿ, ಆಲಮೇಲದವಳು. ಅವಳ ಅಪ್ಪ ಗೈಬುಸಾಬ ಭೀಮೆಯ ದಂಡೆಯ ಕಬ್ಬಿನ ತೋಟಗಳ ಪಂಪುಗಳು ಸುಟ್ಟರೆ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕಸುಬಿನವನು. ಮಗಳೂ ಆ ತಂತಿಯ ಜೊತೆಯಲ್ಲೇ ಬೆಳೆದವಳು.

ಮೊದಲ ವಾರ ಸಿದ್ದಾರೂಢ ಅವಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಆಮೇಲೊಂದು ದಿನ ತರಿಸಿದ ಮೋಟರು ಕಾದು ಹೊಗೆಯಾಡಿತು. ಕೊಟ್ಟವರಿಗೆ ವಾಪಸು ಕಳಿಸಿದರೆ ಒಂದು ತಿಂಗಳು ಹೋಯಿತು ಎಂದು ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ನಿಷತ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ನೆಲಕ್ಕೆ ಕೂತಳು. ಮೋಟರು ಬಿಚ್ಚಿದಳು. ಕರಕಲಾದ ಸುರುಳಿ ಕಿತ್ತಳು. ಎರಡು ದಿನ ತುಟಿ ಪಿಟಕ್ಕೆನ್ನದೆ, ಸುತ್ತು ಎಣಿಸುತ್ತ ಹೊಸ ತಂತಿ ಸುತ್ತಿದಳು. ಕೂದಲೆಳೆಯಂಥ ತಂತಿ, ಒಂದು ಸುತ್ತೂ ಇನ್ನೊಂದರ ಮೇಲೆ ಏರಲಿಲ್ಲ. ಮೋಟರು ತಿರುಗಿದಾಗ ಸದ್ದೇ ಇಲ್ಲ.

"ಯಾರ ಕಲಿಸ್ಯಾರ ನಿನಗ?" ಎಂದು ಕೇಳಿದ ಸಿದ್ದಾರೂಢ.

"ನಮ್ಮ ಅಬ್ಬಾ ಕಲಿಸ್ಯಾನ್ರಿ ಅಣ್ಣಾ. ಕಣ್ಣ ಮುಚ್ಚಿ ಸುತ್ತಸ್ತಿದ್ದ. ಬೆರಳಿಗೆ ಗೊತ್ತಾಗಬೇಕಂತ."

ಅಂದಿನಿಂದ ಸಿದ್ದಾರೂಢನಿಗೆ ಅವಳ ಮೇಲೆ ಒಂದು ಬಗೆಯ ಗೌರವ ಹುಟ್ಟಿತು. ಅದರ ಬೆನ್ನಿಗೇ ಸಣ್ಣ ಮತ್ಸರವೂ ಹುಟ್ಟಿತು. ಅದನ್ನು ಅವನು ತನಗೆ ತಾನೇ ಒಪ್ಪಿಕೊಂಡವನಲ್ಲ.

ಎಂಟು ತಿಂಗಳಲ್ಲಿ ಕಾರು ನಿಂತಿತು. ಮೂರು ಗಾಲಿ, ಅಲ್ಯುಮಿನಿಯಂ ಪೈಪಿನ ಹಂದರ, ಮೇಲೆ ಆಮೆಯ ಚಿಪ್ಪಿನಂಥ ಅಗಲವಾದ ಫೈಬರ್ ಮುಚ್ಚಳ. ಆ ಮುಚ್ಚಳದ ತುಂಬ ಸೋಲಾರ್ ಪ್ಯಾನೆಲ್ಲು, ನಡುವೆ ಓಡಿಸುವವರ ತಲೆ ಕಾಣುವಷ್ಟು ಪಾರದರ್ಶಕ ಗುಮ್ಮಟ. ಓಡಿಸುವವರು ಒಳಗೆ ಮಲಗಿದಂತೆ ಕೂರಬೇಕು. ಹೊರಗಿನಿಂದ ನಾಲ್ಕು ಜನ ಮುಚ್ಚಳ ಎತ್ತಿ ಕೂರಿಸಬೇಕು. ಮೊದಲು ಅದಕ್ಕೆ ಕೊಂಡಿಗಳಿದ್ದವು, ಒಳಗಿನಿಂದಲೂ ತೆಗೆಯಬಹುದಾಗಿತ್ತು. ಓಡುವಾಗ ಗಡಗಡ ಸದ್ದು ಮಾಡುತ್ತವೆಂದು ಸಿದ್ದಾರೂಢ ಅವನ್ನು ಕಿತ್ತು ಎಂಟು ಬೋಲ್ಟು ಹಾಕಿದ. ಸದ್ದು ನಿಂತಿತು. ಮುಚ್ಚಳ ಈಗ ಹೊರಗಿನಿಂದ ಮಾತ್ರ ತೆಗೆಯುವಂತಾಯಿತು.

ಯಾರು ಓಡಿಸಬೇಕೆಂಬ ಪ್ರಶ್ನೆಯನ್ನು ತಕ್ಕಡಿ ಬಿಡಿಸಿತು. ಸಿದ್ದಾರೂಢ ಎಪ್ಪತ್ತಮೂರು ಕಿಲೋ, ಅಮಿತ ಎಪ್ಪತ್ತು. ನಿಷತ ನಲವತ್ತೊಂದು.

"ನಾನಾ?" ಎಂದಳು ಅವಳು. ಖುಷಿಗೆ ಬಾಯಿ ತೆರೆದೇ ಇತ್ತು. ಒಮ್ಮೆ ಒಳಗೆ ಮಲಗಿ ನೋಡಿ, ಹೊರಗೆ ಬಂದು, ಬೆವರು ಒರೆಸಿಕೊಳ್ಳುತ್ತ ಹೇಳಿದಳು: "ಅಣ್ಣಾ, ಒಳಗ ಗಾಳಿ ಆಡಂಗಿಲ್ರಿ. ಮುಂದ ರೊಟ್ಟಿ ಅಗಲ ಎರಡ ತೂತ ಕೊರದರ ಚಲೋ ಆಕ್ಕೈತಿ."

ಸಿದ್ದಾರೂಢ ಲೆಕ್ಕ ಹಾಕಿದ. ತೂತು ಕೊರೆದರೆ ಗಾಳಿಯ ತಡೆ ಹೆಚ್ಚಿ ತಾಸಿಗೆ ಎರಡು ಕಿಲೋಮೀಟರು ವೇಗ ಕಡಿಮೆಯಾಗುತ್ತಿತ್ತು. ಬಸಂತರಾಯ ಸರ್‌ಗೆ ಬೇರೆ ಚಿಂತೆ: ಮುಂಭಾಗದಲ್ಲಿ ಕಾಲೇಜಿನ ಹೆಸರಿತ್ತು, ತೂತು ನೇರ ಅದರ ಮೇಲೇ ಬರುತ್ತಿತ್ತು.

"ಈ ಸವಾರಿ ಮುಗೀಲಿ," ಎಂದ ಸಿದ್ದಾರೂಢ. "ಆಮ್ಯಾಲ ಕೊರಿಯೂಣು."

ಸವಾರಿ ಎಂದರೆ ಬಸಂತರಾಯರ ಕನಸು. ಮುದ್ದೇಬಿಹಾಳದಿಂದ ಹೊರಟು, ಬಸವನ ಬಾಗೇವಾಡಿ, ಸಿಂದಗಿ ಹಾದು, ಇಂಡಿ ಮುಟ್ಟುವುದು. ನಾಲ್ಕು ತಾಲೂಕು, ನೂರೈವತ್ತು ಕಿಲೋಮೀಟರು, ಒಂದೇ ದಿನ, ಒಂದು ಹನಿ ಎಣ್ಣೆಯಿಲ್ಲದೆ. ಪ್ರತಿ ಊರಲ್ಲೂ ಹಾರ, ಭಾಷಣ, ಫೋಟೋ. ಮೇ ತಿಂಗಳ ಎರಡನೆಯ ಸೋಮವಾರ ಗೊತ್ತಾಯಿತು.

ಆ ಮುಂಜಾನೆ ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಸಿದ್ದಾರೂಢನೇ ನಿಷತಳಿಗೆ ಚುರಮುರಿಯ ಸುಸಲಾ ಕೊಡಿಸಿದ. ಅವಳು ಎರಡು ಮಿರ್ಚಿ ಕೇಳಿ ಹಾಕಿಸಿಕೊಂಡಳು. "ಹೊಟ್ಟಿ ತುಂಬಿರಬೇಕ್ರಿ, ಇಲ್ಲಾಂದ್ರ ತಲಿ ತಿರಗತೈತಿ," ಎಂದು ನಕ್ಕಳು. ಅಪ್ಪ ಫೋನು ಮಾಡಿದಾಗ ಬಾಯಲ್ಲಿ ತುತ್ತು ಇಟ್ಟುಕೊಂಡೇ, "ಉಣ್ಣಾಕತ್ತೇನಿ ಅಬ್ಬಾ, ಆಮ್ಯಾಲ ಹಚ್ಚತೇನಿ," ಎಂದಳು.

ಎಂಟಕ್ಕೆ ಹೊರಟರು. ಕಾರು ಮುಂದೆ, ಕಾಲೇಜಿನ ಜೀಪು ಹಿಂದೆ. ಜೀಪಿನಲ್ಲಿ ಬಸಂತರಾಯ ಸರ್, ಅಮಿತ, ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡ ಸಿದ್ದಾರೂಢ. ಫೈಬರ್ ಕೆಲಸದ ಹುಡುಗರಿಬ್ಬರು ಹಿಂದಿನ ಸೀಟಿನಲ್ಲಿ. ಲ್ಯಾಪ್‌ಟಾಪಿನ ಪರದೆಯ ಮೇಲೆ ಬ್ಯಾಟರಿ, ಮೋಟರು, ಒಳಗಿನ ಕಾವು ಎಲ್ಲ ಅಂಕಿಗಳಾಗಿ ಬರುತ್ತಿದ್ದವು. ಆ ಸೆನ್ಸರುಗಳನ್ನೆಲ್ಲ ಕೂಡಿಸಿದವಳು ನಿಷತಳೇ. ಆದರೆ ಕಾರಿನೊಳಗೆ ಅಂಕಿ ತೋರಿಸುವ ಪರದೆ ಇರಲಿಲ್ಲ. ತೂಕ ಉಳಿಸಲು ಸಿದ್ದಾರೂಢ ಅದನ್ನು ತೆಗೆಸಿದ್ದ. ಮಾತಿಗೆ ವಾಕಿಟಾಕಿ ಇತ್ತು.

ಬಾಗೇವಾಡಿಯವರೆಗೆ ಎಲ್ಲ ಹಬ್ಬದಂತೆ ನಡೆಯಿತು. ಅಲ್ಲಿ ಮುಚ್ಚಳ ತೆಗೆದರು. ನಿಷತ ಹೊರಗೆ ಬಂದು ಮುಖ ತೊಳೆದಳು, ಎರಡು ಗ್ಲಾಸು ಮಜ್ಜಿಗೆ ಕುಡಿದಳು, ಅಮಿತನ ತಾಯಿಯ ಜೊತೆ ಫೋಟೋ ತೆಗೆಸಿಕೊಂಡಳು. ಭಾಷಣಗಳು ಉದ್ದವಾದವು. ಮತ್ತೆ ಬೋಲ್ಟು ಬಿಗಿದು ಹೊರಡುವಾಗ ಹನ್ನೊಂದು ಹೊಡೆದಿತ್ತು.

ಅಲ್ಲಿಂದ ಮುಂದೆ ಬಿಸಿಲು ಬಿಸಿಲಾಗಿ ಉಳಿಯಲಿಲ್ಲ. ಎರಡೂ ಕಡೆ ಕಪ್ಪು ಎರೆ ಹೊಲ, ಒಂದು ಗಿಡವಿಲ್ಲ, ಡಾಂಬರು ಮೆತ್ತಗಾಗಿತ್ತು. ದೇವರ ಹಿಪ್ಪರಗಿ ದಾಟುವಾಗ ವಾಕಿಟಾಕಿ ಗೊರಗುಟ್ಟಿತು.

"ಅಣ್ಣಾ, ಬಾಳ ಸೆಕಿ ಆಗಾಕತ್ತೈತ್ರಿ. ಒಳಗ ಎಷ್ಟ ಐತಿ?"

ಸಿದ್ದಾರೂಢ ಪರದೆ ನೋಡಿದ. ಐವತ್ತೊಂದು.

ನಾಲಿಗೆ ಹೊರಳಿದ ರೀತಿಗೆ ಅವನಿಗೇ ಆಶ್ಚರ್ಯವಾಯಿತು. "ನಲವತ್ತೊಂದು," ಎಂದ. "ಹೊರಗೂ ಅಷ್ಟ ಐತಿ. ಮನಸಿಗೆ ಹಚಗೋಬ್ಯಾಡ, ನೀರ ಕುಡಿ."

ಪಕ್ಕದಲ್ಲಿ ಕೂತ ಅಮಿತ ಪರದೆ ನೋಡಿದ, ಸಿದ್ದಾರೂಢನ ಮುಖ ನೋಡಿದ, ಕಿಟಕಿಯ ಆಚೆ ನೋಡಿದ.

ಸಿಂದಗಿ ಮುಟ್ಟಿದಾಗ ಒಂದೂವರೆ. ಚೌಕದಲ್ಲಿ ಜನ ನೆರೆದಿದ್ದರು. ಹಿರಿಯರೊಬ್ಬರು ಮಾರುದ್ದದ ಚೆಂಡುಹೂವಿನ ಹಾರ ತಂದು ಕಾರಿಗೆ ಹಾಕಲು ಹೋದರು. ಎಲ್ಲಿ ಹಾಕಬೇಕೆಂದು ತಿಳಿಯದೆ ಗುಮ್ಮಟಕ್ಕೇ ಸುತ್ತಿದರು. ನಿಷತಳ ಮುಖ ಹೂವಿನ ಹಿಂದೆ ಮರೆಯಾಯಿತು. ಜನ ಪ್ಯಾನೆಲ್ಲು ತಟ್ಟಿ ನೋಡಿದರು, ಸೆಲ್ಫಿ ತೆಗೆದುಕೊಂಡರು. ಸಿದ್ದಾರೂಢ ಹಾರ ಸರಿಸಿ ಬಗ್ಗಿ ನೋಡಿದ. ಅವಳ ತುಟಿ ಬಿಳಿಚಿತ್ತು. ಬೆರಳಿನಿಂದ ನೀರಿನ ನಳಿಗೆ ತೋರಿಸಿ ಕೈ ಆಡಿಸಿದಳು: ಮುಗಿದಿದೆ.

ಅವನು ಬಸಂತರಾಯರ ಬಳಿ ಓಡಿದ. "ಸರ್, ಮುಚ್ಚಳ ತಗದ ನೀರ ಕೊಟ್ಟಬಿಡೂಣ್ರಿ."

"ಎಷ್ಟ ಹೊತ್ತ ಬೇಕು?"

"ತಗದು ಹಾಕಾಕ ಹದಿನೈದ ಮಿನಿಟ್ರಿ."

ಬಸಂತರಾಯರು ಪಡುವಣಕ್ಕೆ ಕೈ ಮಾಡಿದರು. ದಿಗಂತದ ಅಂಚಿನಲ್ಲಿ ಕಾಡಿಗೆ ತೀಡಿದಂಥ ಮೋಡ ಎದ್ದಿತ್ತು. "ಅಡ್ಡಮಳಿ ಮೋಡ. ಅದು ಬಿಸಲ ಮುಚ್ಚಿದ್ರ ನಿನ್ನ ಕಾರ ನಡು ರಸ್ತೆದಾಗ ನಿಂದರತೈತಿ. ಬ್ಯಾಟರಿ ಎಷ್ಟೈತಿ?"

"ಮೂವತ್ತ ಪರ್ಸೆಂಟ್ ಸರ್."

"ಇಂಡಿಯೊಳಗ ಎಲ್ಲಾರೂ ಬಂದ ಕುಂತಾರ. ಟೀವಿಯವರು ಬಂದಾರ." ಅವರು ಅವನ ಹೆಗಲ ಮೇಲೆ ಕೈ ಇಟ್ಟರು. "ಕಾರ ನಿಂದು, ನಾಯಕ ನೀನು. ತಗಿಯಂದ್ರ ತಗೀತೇವಿ. ಹೇಳು."

ಅವರು ಹಾಗೆ ಅವನ ಮೇಲೆ ಬಿಟ್ಟದ್ದೇ ತಪ್ಪಾಯಿತು. ಬೇಡ ಎಂದಿದ್ದರೆ ಅವನು ಜಗಳಾಡಿ ತೆಗೆಸುತ್ತಿದ್ದನೇನೋ. ಕಾರ ನಿಂದು ಎಂಬ ಮಾತು ಅವನ ಎದೆಯೊಳಗೆ ಬೆಲ್ಲದಂತೆ ಕರಗಿತು. ಎಂಟು ತಿಂಗಳು, ಬೆರಳ ತುಂಬ ಸುಟ್ಟ ಕಲೆ, ಇನ್ನು ಐವತ್ತು ಕಿಲೋಮೀಟರು. ಸ್ಪ್ಯಾನರು ಅವನ ಜೇಬಿನಲ್ಲೇ ಇತ್ತು.

"ಹೋಗೂಣ್ರಿ," ಎಂದ.

ಗುಮ್ಮಟದ ಹತ್ತಿರ ಬಂದು ವಾಕಿಟಾಕಿಯಲ್ಲಿ ಹೇಳಿದ: "ನಿಷತ, ಸ್ವಲ್ಪ ತಡಿ. ಒಂದ ತಾಸಿನ್ಯಾಗ ಇಂಡಿ. ಎಳನೀರ ತಂದಿಡಾಕ ಹೇಳೇನಿ." ಯಾರಿಗೂ ಹೇಳಿರಲಿಲ್ಲ.

ಅವಳು ಹೆಬ್ಬೆರಳೆತ್ತಿ ತೋರಿಸಿದಳು.

ಅರ್ಧ ತಾಸು ಹೋಯಿತು. ಪರದೆಯ ಮೇಲೆ ಐವತ್ತಮೂರು, ಐವತ್ತನಾಲ್ಕು, ಐವತ್ತಾರು. ಮೋಡ ಏರುತ್ತಿತ್ತು, ಕಾರು ಅದಕ್ಕಿಂತ ಮುಂದೆ ಓಡುತ್ತಿತ್ತು. ಬಸಂತರಾಯರು ಫೋನಿನಲ್ಲಿ ಇಂಡಿಯವರಿಗೆ ಬ್ಯಾಂಡು ಬಾರಿಸುವವರನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುತ್ತಿದ್ದರು.

"ಅಣ್ಣಾ."

"ಹೇಳು."

"ಬೆವರ ನಿಂತಬಿಟ್ಟೈತ್ರಿ. ಥಂಡಿ ಹತ್ತಾಕತ್ತೈತಿ ನನಗ."

ಐವತ್ತಾರರ ಕಾವಿನೊಳಗೆ ಥಂಡಿ. ಅದರ ಅರ್ಥವೇನೆಂದು ಸಿದ್ದಾರೂಢನಿಗೆ ಗೊತ್ತಿತ್ತು. ಅಪ್ಪನ ಗ್ಯಾರೇಜಿನ ತಗಡಿನ ಚಪ್ಪರದಡಿ ಒಬ್ಬ ಆಳು ಹೀಗೇ ಥಂಡಿ ಎಂದು ಕೂತವನು ಮತ್ತೆ ಏಳಲಿಲ್ಲ. ಗೊತ್ತಿದ್ದೂ ಕೇಳಿದ: "ಓಡಸಾಕ ಆಕ್ಕೈತೇನ?"

"ಎಷ್ಟ ಐತ್ರಿ ಒಳಗ?"

"ನಲವತ್ತೆರಡು. ಮೋಡ ಬರಾಕತ್ತೈತಲ್ಲ, ಅದಕ್ಕ ತಂಪ ಅನಸ್ತೈತಿ."

"ಹಂಗಾರ ನನಗ ಹಿಂಗ್ಯಾಕ ಆಗಾಕತ್ತೈತಿ," ಎಂದಳು. ಅದು ಅವನನ್ನು ಕೇಳಿದ ಪ್ರಶ್ನೆಯಾಗಿರಲಿಲ್ಲ. ತನ್ನ ಮೈಯ ಮೇಲೆಯೇ ಬೇಸರಪಟ್ಟ ದನಿ.

ಅದೇ ಅವಳ ಕೊನೆಯ ನೆಟ್ಟಗಿನ ಮಾತು. ಸಾಲೋಟಗಿ ಇನ್ನೂ ದೂರವಿರುವಾಗ ಕಾರು ಮೆಲ್ಲಗೆ ಎಡಕ್ಕೆ ಸರಿಯಿತು. ತಿರುವಿದ್ದಲ್ಲಿ ತಿರುಗಲಿಲ್ಲ. ರಸ್ತೆಯಂಚು ಇಳಿದು, ಉಳುಮೆಯಾದ ಹೊಲದೊಳಗೆ ನಾಲ್ಕು ಮಾರು ಹೋಗಿ, ಹೆಂಟೆಗೆ ತಾಗಿ ನಿಂತಿತು. ಸದ್ದೇ ಇಲ್ಲ. ಮೋಟರು ಇನ್ನೂ ಗಾಲಿಯನ್ನು ತಿರುಗಿಸುತ್ತಿತ್ತು.

ಎಲ್ಲರೂ ಓಡಿದರು. ಸಿದ್ದಾರೂಢನ ಕಣ್ಣು ಮೊದಲು ಹೋದದ್ದು ಮುಂದಿನ ಗಾಲಿಯ ಕಡೆ, ಬಾಗಿದೆಯೋ ಏನೋ ಎಂದು. ಆಮೇಲೆ ಪ್ಯಾನೆಲ್ಲಿನ ಕಡೆ. ಗುಮ್ಮಟದ ಕಡೆ ಅವನು ನೋಡಿದ್ದು ಮೂರನೆಯದಾಗಿ. ಅವಳ ತಲೆ ಒಂದು ಪಕ್ಕಕ್ಕೆ ವಾಲಿ, ಬಾಯಿಂದ ನೊರೆ ಬಂದು, ಕೈಕಾಲು ಸೆಟೆದು ಅದುರುತ್ತಿದ್ದವು.

ಅವನು ಸ್ಪ್ಯಾನರು ತೆಗೆದ. ಒಂದು ಬೋಲ್ಟು ಬಿಚ್ಚಿದ. ಎರಡನೆಯದು ಬಿಚ್ಚಿದ. ಮೂರನೆಯದು ಕಾವಿಗೆ ಹಿಗ್ಗಿ ಕಚ್ಚಿಕೊಂಡಿತ್ತು. ಅಮಿತ ಬರಿಗೈಯಿಂದ ಮುಚ್ಚಳ ಎಳೆಯುತ್ತಿದ್ದ.

ಬದುವಿನಲ್ಲಿ ಜಾಲಿ ಕಡಿಯುತ್ತಿದ್ದ ಮುದುಕಿಯೊಬ್ಬಳು ಕೊಡಲಿ ಹಿಡಿದು ಓಡಿ ಬಂದಳು. "ಒಳಗ ಕೂಸ ಐತಲ್ಲೋ! ಏನ ಮಾಡಾಕತ್ತೀರೋ, ನಿಮ್ಮ ಹೆಣಾ ಎತ್ತಲಿ!" ಎಂದವಳೇ ಚಪ್ಪಲಿಗಾಲಲ್ಲೇ ಪ್ಯಾನೆಲ್ಲಿನ ಮೇಲೆ ಹತ್ತಿದಳು. ಪ್ಯಾನೆಲ್ಲು ಚಟಚಟ ಒಡೆಯಿತು.

"ಏಯ್ ಮುದುಕಿ, ಇಳೀ! ಪ್ಯಾನೆಲ್ಲು!" ಎಂದು ಬಸಂತರಾಯರು ಚೀರಿದರು.

ಮುದುಕಿ ಕೊಡಲಿಯ ಹಿಂಬದಿಯಿಂದ ಗುಮ್ಮಟಕ್ಕೆ ಮೂರೇಟು ಹಾಕಿದಳು. ಗುಮ್ಮಟ ಬಿರಿಯಿತು. ಒಳಗಿನಿಂದ ಬಂದ ಝಳಕ್ಕೆ ಅವಳೂ ಮುಖ ತಿರುಗಿಸಿದಳು. ಆಮೇಲೆ ಎರಡೂ ಕೈ ಇಳಿಬಿಟ್ಟು ಹುಡುಗಿಯ ಕಂಕುಳಿಗೆ ಹಾಕಿ, ಬಾವಿಯಿಂದ ಕೊಡ ಎತ್ತಿದ ಹಾಗೆ ಎಳೆದಳು. ಸಿದ್ದವ್ವ ಎಂದು ಅವಳ ಹೆಸರು. ಅದು ಗೊತ್ತಾದದ್ದು ಆಮೇಲೆ, ಪ್ಯಾನೆಲ್ಲು ಒಡೆದವರು ಯಾರೆಂದು ಕಾಲೇಜಿನವರು ವಿಚಾರಿಸಿದಾಗ.

ಮೊದಲು ಇಂಡಿಗೆ, ಅಲ್ಲಿಂದ ವಿಜಯಪುರದ ದೊಡ್ಡ ದವಾಖಾನೆಗೆ ಒಯ್ದರು. ಮೈಯ ಕಾವು ನೂರಾ ಎಂಟು ಡಿಗ್ರಿ ಮುಟ್ಟಿತ್ತು. ಐದು ದಿನ ಎಚ್ಚರವಿರಲಿಲ್ಲ. ಆರನೆಯ ದಿನ ಕಣ್ಣು ಬಿಟ್ಟಳು. ಜೀವಕ್ಕೆ ಭಯವಿಲ್ಲ, ಆದರೆ ಕೈಕಾಲು ಹಿಡಿತದಲ್ಲಿಡುವ ಮೆದುಳಿನ ಭಾಗ ಬೆಂದುಹೋಗಿದೆ ಎಂದರು ಡಾಕ್ಟರು. ಮಾತು ತೊದಲುತ್ತದೆ, ಕೈ ನಡುಗುತ್ತದೆ. ಕಡಿಮೆಯಾಗಬಹುದು, ಆಗದೆಯೂ ಇರಬಹುದು.

ಎರಡನೆಯ ವಾರ ಬಸಂತರಾಯರು ಸಿದ್ದಾರೂಢನನ್ನೂ ಅಮಿತನನ್ನೂ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ವರದಿ ಇತ್ತು. ವಿದ್ಯಾರ್ಥಿನಿ ಅಂದು ಯಾರಿಗೂ ತಿಳಿಸದೆ ಉಪವಾಸವಿದ್ದಳು, ದಾರಿಯುದ್ದಕ್ಕೂ ನೀರು ಕೊಟ್ಟರೂ ಕುಡಿಯಲಿಲ್ಲ ಎಂದು ಅದರಲ್ಲಿತ್ತು. ಕೆಳಗೆ ಇಬ್ಬರು ಸಾಕ್ಷಿಗಳ ಜಾಗ.

"ಸರ್, ರಮಜಾನ ಮುಗದ ಬಾಳ ದಿನ ಆತ್ರಿ," ಎಂದ ಸಿದ್ದಾರೂಢ.

"ರಮಜಾನ ಇರದಿದ್ರೂ ಸೋಮವಾರ ಸುನ್ನತ ರೋಜಾ, ಉಪಾಸ, ಹಿಡಿಯವ್ರ ಇರ್ತಾರ. ಕೇಳಿ ತಿಳಕೊಂಡೇನಿ."

"ಆಕಿ ಮುಂಜಾನಿ ತಿಂದಾಳ್ರಿ. ಬಾಗೇವಾಡಿಯೊಳಗ ಮಜ್ಜಿಗಿ ಕುಡದಾಳ."

"ಯಾರ ನೋಡ್ಯಾರ?"

ಸಿದ್ದಾರೂಢ ಅಮಿತನ ಕಡೆ ನೋಡಿದ. ಬಸಂತರಾಯರ ದನಿ ತೀರ ಮೃದುವಾಯಿತು. "ಲ್ಯಾಪ್‌ಟಾಪಿನ್ಯಾಗ ಐವತ್ತಾರು ಅಂತ ಐತಿ. ನೀ ಆಕಿಗೆ ಎಷ್ಟಂತ ಹೇಳಿದಿ ಅನ್ನೂದು ಜೀಪಿನ್ಯಾಗ ಇದ್ದವ್ರಿಗೆಲ್ಲಾ ಗೊತ್ತೈತಿ. ಅದನ್ನ ನಾ ಬರದಿಲ್ಲ. ನೋಡು, ಎಲ್ಲ್ಯಾರ ಬರದೇನೇನು?"

ಅಮಿತ ಸಹಿ ಹಾಕಿ ಪೆನ್ನು ಮುಂದೆ ನೂಕಿದ. ಪೆನ್ನು ಉರುಳಿ ಸಿದ್ದಾರೂಢನ ಕೈಗೆ ತಾಗಿತು. ಅವನು ಸಹಿ ಹಾಕಿದ.

ಹುಡುಗಿಯನ್ನು ದವಾಖಾನೆಯಿಂದ ಮನೆಗೆ ಕಳಿಸಿದ ಮೇಲೆ ವರದಿಯ ಒಂದು ಪ್ರತಿ ಅಲ್ಲಿಗೆ ಮುಟ್ಟಿಸಿ, ಮುಟ್ಟಿತೆಂದು ಅಪ್ಪನ ರುಜು ತರಬೇಕಿತ್ತು. "ನೀ ಅಂದ್ರ ಅವ್ರಿಗೆ ವಿಶ್ವಾಸ," ಎಂದು ಬಸಂತರಾಯರು ಅವನನ್ನೇ ಕಳಿಸಿದರು.

ಆಲಮೇಲದಲ್ಲಿ ಬಸ್ಸು ಇಳಿದು ಕೇಳಿದ ಕೂಡಲೇ ಮನೆ ಸಿಕ್ಕಿತು. ಮುಂದೆ ಅಂಗಡಿ, ಹಿಂದೆ ಮನೆ. ಗೈಬುಸಾಬ ಪಂಪಿನ ಮೋಟರೊಂದನ್ನು ತೊಡೆಯ ನಡುವೆ ಹಿಡಿದು ಕೂತಿದ್ದವನು ಎದ್ದು ನಿಂತ.

"ಬರ್ರಿ ಬರ್ರಿ. ನಿಷತ ನಿಮ್ಮ ಹೆಸರ ಬಾಳ ಹೇಳತಿದ್ಲು. ಸಿದ್ದಾರೂಢ ಅಣ್ಣಾ ಕಬ್ಬಿಣಕ್ಕ ಜೀವಾ ಕೊಡತಾರ ಅಂತಿದ್ಲು." ಒಳಗೆ ತಿರುಗಿ ಹೆಂಡತಿಯನ್ನು ಕೂಗಿದ: "ಪೀರಬಿ, ಚಹಾ ಮಾಡು. ಕಾಲೇಜಿನವ್ರು ಬಂದಾರ."

ನಿಷತ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಸಿದ್ದಾರೂಢನನ್ನು ಕಂಡು ನಗಲು ನೋಡಿದಳು. ನಗು ಒಂದು ಕಡೆ ಮಾತ್ರ ಬಂತು. ಕೈಗಳೆರಡನ್ನೂ ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದಳು, ಆದರೂ ಭುಜ ಅದುರುತ್ತಿತ್ತು.

ಅವನು ಕಾಗದ ಕೊಟ್ಟು, "ಇದು ಕಾಲೇಜಿಂದು, ಇಲ್ಲೊಂದ ಸಹಿ ಮಾಡ್ರಿ," ಎಂದ. ಬೇಗ ಮುಗಿಸಿ ಮುಂದಿನ ಬಸ್ಸಿಗೆ ಹೊರಟುಬಿಡುವ ಅವಸರ ಅವನದು.

ಗೈಬುಸಾಬ ಕಾಗದ ತಿರುಗಿಸಿ ನೋಡಿ ಅವನ ಕೈಗೇ ವಾಪಸು ಇಟ್ಟ. "ನನಗ ಇಂಗ್ಲೀಷ ಬರಂಗಿಲ್ರಿ. ಎಲ್ಲಾ ಈಕಿನ ಓದಿ ಹೇಳತಿದ್ಲು. ಈಗ ಆಕಿಗೆ ಅಕ್ಷರ ಕುಣದಂಗ ಕಾಣತಾವಂತ. ನೀವ ಓದ್ರಿ. ಕನ್ನಡದಾಗ ಹೇಳ್ರಿ."

ಸಿದ್ದಾರೂಢ ಓದಿದ. ಸವಾರಿಯ ದಿನಾಂಕ, ಊರುಗಳ ಹೆಸರು, ಕಾಲೇಜಿನ ವಿಷಾದ. ಉಪವಾಸದ ಸಾಲು ಬಂದಾಗ ದಾಟಿಸಲು ನೋಡಿದ.

"ಪೂ... ಪೂರಾ," ಎಂದಳು ನಿಷತ.

ಅವನು ಪೂರಾ ಓದಿದ. ಚಹಾ ಹಿಡಿದು ಬಂದ ಪೀರಬಿ ಹೊಸ್ತಿಲಲ್ಲೇ ನಿಂತಳು. ಗೈಬುಸಾಬನಿಗೆ ಸಿಟ್ಟು ಬರಲಿಲ್ಲ, ಗೊಂದಲವಾಯಿತು.

"ರೋಜಾ? ಯಾವ ರೋಜಾ? ಅವತ್ತ ಮುಂಜಾನಿ ನಾನ ಫೋನ ಹಚ್ಚಿದ್ದೆ, ಬಾಯಾಗ ತುತ್ತ ಇತ್ತು ಆಕೀದು. ಯಾರೋ ತಪ್ಪ ಬರದಾರ್ರಿ. ಕೆಳಗ ಸಹಿ ಯಾರ್ದದಾವು?"

"ಕಾಲೇಜಿನವ್ರದ್ರಿ."

"ಹಂಗಾರ ನೀವೊಂದ ಉಪಕಾರ ಮಾಡ್ರಿ ತಮ್ಮಾ. ನಾ ಹೇಳತೇನಿ, ನೀವ ಇಂಗ್ಲೀಷಿನ್ಯಾಗ ಬರೀರಿ. ನೀವೂ ಅಲ್ಲೇ ಇದ್ರಲ್ಲ, ನಿಮಗೆಲ್ಲಾ ಗೊತ್ತೈತಿ." ಅವನು ಅಂಗಡಿಯ ವಹಿಯಿಂದ ಒಂದು ಹಾಳೆ ಹರಿದು ತಂದ. "ನನ್ನ ಮಗಳು ಉಪವಾಸ ಇರಲಿಲ್ಲ. ಉಂಡಿದ್ಲು. ನೀರ ಕೇಳಿರಬೇಕು, ನೀವ ಕೊಟ್ಟಿಲ್ಲ. ಸಹಿ ಮಾಡಿದವ್ರು ಸುಳ್ಳ ಹೇಳ್ಯಾರ."

ಸಿದ್ದಾರೂಢ ಬರೆದ. ಒಂದೊಂದು ಸಾಲೂ ಬರೆದ. ಅಷ್ಟರಲ್ಲಿ ನಿಷತ ತೊಡೆಯ ಕೆಳಗಿಂದ ಕೈ ತೆಗೆದು ವರದಿಯ ಕಾಗದ ಎಳೆದುಕೊಂಡಳು. ಅದು ಅವಳ ಕೈಯಲ್ಲಿ ಎಲೆಯಂತೆ ಪಟಪಟ ಬಡಿಯಿತು. ಒಂದು ಕಣ್ಣು ಮುಚ್ಚಿ, ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೆಳಗಿನ ಸಹಿ ನೋಡಿದಳು. ವರ್ಕ್‌ಶಾಪಿನ ದಿನಚರಿಯಲ್ಲಿ ಎಂಟು ತಿಂಗಳು ಅವನ ಸಹಿಯ ಕೆಳಗೇ ಅವಳ ಸಹಿ ಬೀಳುತ್ತಿತ್ತು. ಬಹಳ ಹೊತ್ತು ನೋಡಿದಳು.

"ಹೆಸರ... ಬರಿ," ಎಂದಳು.

"ಯಾರ ಹೆಸರವಾ?" ಎಂದ ಗೈಬುಸಾಬ.

"ಆಂವಗ... ಗೊತ್ತೈತಿ."

ಅವಳು ಎಂದೂ ಅವನನ್ನು ಏಕವಚನದಲ್ಲಿ ಕರೆದವಳಲ್ಲ.

ಸಿದ್ದಾರೂಢ ಸುಳ್ಳು ಹೇಳಿದವರ ಹೆಸರು ಬರೆದ. ಮೊದಲು ಅಮಿತನದು, ಆಮೇಲೆ ತನ್ನದು. ಗೈಬುಸಾಬ ಓದ್ರಿ ಎಂದ. ಅವನು ಓದಿದ. ಗೈಬುಸಾಬ ಇನ್ನೊಮ್ಮೆ ಓದಿಸಿದ.

"ಆಕಿ ಉಂಡಿದ್ದು ನಿಮಗ ಗೊತ್ತಿರಲಿಲ್ಲೇನ್ರಿ?"

"ನಾನ ಉಣಿಸಿದ್ದೆರಿ."

"ಅದನ್ನೂ ಬರೀರಿ."

ಬರೆದ.

"ಒಳಗ... ಎಷ್ಟ ಇತ್ತು?" ಎಂದಳು ನಿಷತ.

"ಐವತ್ತಾರು."

ಅವಳು ಕಣ್ಣು ಮುಚ್ಚಿದಳು. ಮುಖದ ಮೇಲೆ ಎಂಥದೋ ನೆಮ್ಮದಿ ಬಂತು. ಆ ದಿನ ತನ್ನ ಮೈ ತನಗೆ ಸುಳ್ಳು ಹೇಳಿರಲಿಲ್ಲ ಎಂಬ ನೆಮ್ಮದಿ ಇರಬೇಕು. ಅದನ್ನು ನೋಡುವುದು ಸಿದ್ದಾರೂಢನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

"ಅದನ್ನೂ ಬರೀರಿ," ಎಂದ ಗೈಬುಸಾಬ. ಆಮೇಲೆ ಕೆಳಗೆ ಕನ್ನಡದಲ್ಲಿ ತನ್ನ ಹೆಸರು ಬರೆದ. "ಚಹಾ ಕುಡೀರಿ, ಆರತೈತಿ," ಎಂದ. ಪೀರಬಿ ಆಗಲೇ ಕಪ್ಪು ಹಿಡಿದು ಒಳಗೆ ಹೋಗಿದ್ದಳು.

ಮರುದಿನ ಗೈಬುಸಾಬ ಆ ಕಾಗದವನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ. ನಾಲ್ಕನೆಯ ದಿನ ಅದು ಪ್ರಿನ್ಸಿಪಾಲರ ಮೇಜಿನ ಮೇಲಿತ್ತು. ಸಿದ್ದಾರೂಢನನ್ನು ಕರೆಸಿದರು. ಬಸಂತರಾಯರು ಪಕ್ಕದ ಕುರ್ಚಿಯಲ್ಲಿದ್ದರು.

"ಅಕ್ಷರ ನಿಂದೇನು?" ಎಂದರು ಪ್ರಿನ್ಸಿಪಾಲರು.

"ಹೌದ್ರಿ."

ಆಲಮೇಲದಿಂದ ಬಸ್ಸಿನಲ್ಲಿ ಬರುವಾಗ ಅವನು ನಿಶ್ಚಯ ಮಾಡಿಕೊಂಡಿದ್ದ: ಕೇಳಿದರೆ ಹೌದು ಎನ್ನಬೇಕು, ಎಲ್ಲ ಹೇಳಬೇಕು, ಆದದ್ದಾಗಲಿ. ಹೌದ್ರಿ ಎಂಬ ಮಾತು ಅದಕ್ಕಾಗಿಯೇ ಬಾಯಿಂದ ಹೊರಟದ್ದು. ಅಷ್ಟರಲ್ಲಿ ಬಸಂತರಾಯರು ಮುಂದೆ ಬಾಗಿದರು.

"ನಿನ್ನ ಕುಂಡರಿಸಿ ಬರಸ್ಯಾರೇನು? ಮನಿಯಾಗ ಕುಂಡರಿಸಿ, ಅಂವ ಹೇಳಿದಂಗ ಬರಸ್ಯಾನೇನು?"

ಕೂರಿಸಿದ್ದು ನಿಜ. ಹೇಳಿ ಬರೆಸಿದ್ದೂ ನಿಜ. ಸಿದ್ದಾರೂಢನ ಮುಂದೆ ಒಂದು ಬಾಗಿಲು ತೆರೆದಂತಾಯಿತು. ಅದರ ಆಚೆಗೆ ಪರೀಕ್ಷೆ, ಪದವಿ, ನೌಕರಿ ಎಲ್ಲ ಸಾಲಾಗಿ ಕಂಡವು. ಎರಡನೆಯ ಸಲ ಅದೇ ಮಾತು ಹೊರಟಿತು.

"ಹೌದ್ರಿ."

"ಅಂಜಿದ್ದೇನು?"

"ಹೌದ್ರಿ ಸರ್."

ಮುಂದಿನ ವಾರ ಗೈಬುಸಾಬನಿಗೆ ಬುಲಾವು ಹೋಯಿತು. ಸಿದ್ದಾರೂಢ ಮಹಡಿಯ ಮೆಟ್ಟಿಲ ಮೇಲಿಂದ ನೋಡಿದ. ತೊಳೆದ ಬಿಳಿ ಅಂಗಿ ತೊಟ್ಟ ಮನುಷ್ಯ ಮುಂಜಾನೆಯಿಂದ ಪ್ರಿನ್ಸಿಪಾಲರ ಬಾಗಿಲ ಹೊರಗೆ ನಿಂತಿದ್ದ. ಕುರ್ಚಿ ಯಾರೂ ಕೊಡಲಿಲ್ಲ. ಮೂರು ಗಂಟೆಗೆ ಒಳಗೆ ಕರೆದರು. ವಿದ್ಯಾರ್ಥಿಯನ್ನು ಬೆದರಿಸಿ ಬರೆಸಿದ್ದಕ್ಕೆ ಕೇಸು ಹಾಕುತ್ತೇವೆ, ಇಲ್ಲವೆ ಇದಕ್ಕೆ ಸಹಿ ಹಾಕು, ಮಗಳ ಹೆಸರು ಕಾಲೇಜಿನಲ್ಲಿ ಉಳಿಯುತ್ತದೆ ಎಂದು ಹೇಳುತ್ತಿದ್ದುದು ತೆರೆದ ಬಾಗಿಲಿನಿಂದ ಕೇಳುತ್ತಿತ್ತು. ಗೈಬುಸಾಬ ತಲೆಯೆತ್ತಿದಾಗ ಮೆಟ್ಟಿಲ ಮೇಲಿದ್ದವನನ್ನು ಕಂಡ. ಕಾಗದದಲ್ಲಿ ಏನಿದೆ ಎಂದು ಯಾರನ್ನೂ ಕೇಳಲಿಲ್ಲ. ಬಗ್ಗಿ ಸಹಿ ಮಾಡಿ, ಚಪ್ಪಲಿ ಮೆಟ್ಟಿ ಹೊರಟುಹೋದ.

ಜೂನಿನ ಕೊನೆಗೆ ಸಿದ್ದಾರೂಢನ ಪ್ರಾಜೆಕ್ಟಿಗೆ ನೂರಕ್ಕೆ ತೊಂಬತ್ತೆಂಟು ಬಂತು. ಹುಬ್ಬಳ್ಳಿಯ ಒಂದು ಕಾರ್ಖಾನೆಯಿಂದ ನೇಮಕದ ಪತ್ರವೂ ಬಂತು. ಆ ಭಾನುವಾರ ಮನಗೂಳಿಯ ಮನೆಯಲ್ಲಿ ಅಪ್ಪ ಮಗ ಒಟ್ಟಿಗೆ ಊಟಕ್ಕೆ ಕೂತರು. ತಾಯಿ ಹೋಳಿಗೆ ಮಾಡಿದ್ದಳು. ಅಪ್ಪ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತ ಕೇಳಿದ:

"ಆ ಮೋಟರ್ ಸುತ್ತೂ ಹುಡುಗಿ ಹೆಂಗ ಅದಾಳೋ ಈಗ?"

"ಆರಾಮ ಅದಾಳ," ಎಂದ ಸಿದ್ದಾರೂಢ. ತಾಯಿ ಇನ್ನೊಂದು ಹೋಳಿಗೆ ಹಾಕಿದಳು. ಅವನು ಬೇಡವೆನ್ನಲಿಲ್ಲ.